ತಡೆದಿಟ್ಟ ರಿಯಾಲು

ಭೀಮರಾಯನಗುಡಿ ಕ್ಯಾಂಪಿನ ಹತ್ತಿರ ಕಾಲುವೆಯ ಗೇಟು ತಿರುಗಿಸುವ ದಿನಗೂಲಿ ಹುಲಗಪ್ಪ ಅಸಹ್ಯಪಡುತ್ತಿದ್ದುದು ಒಂದಕ್ಕೇ. ಬೇಸಿಗೆಯಲ್ಲಿ ನೀರು ತೆಳುವಾದಾಗ ಮೇಲಿನ ಹೊಲದವರು ಬಂದು, ಗೇಟು ಅರ್ಧ ಇಳಿಸು ಎಂದು ನೋಟು ಚಾಚುತ್ತಿದ್ದರು. ಕೆಳಗೆ ನೀರು ಹರಿಯುವುದು ನಿಂತರೆ, ತಾವು ಕಟ್ಟಿಕೊಂಡ ನೀರನ್ನೇ ಕೆಳಗಿನವರಿಗೆ ತಾಸಿನ ಲೆಕ್ಕದಲ್ಲಿ ಮಾರಬಹುದಲ್ಲ! ಹನ್ನೊಂದು ವರ್ಷದಲ್ಲಿ ಅವನು ಆ ನೋಟು ಮುಟ್ಟಿರಲಿಲ್ಲ. ಮುಟ್ಟದಿದ್ದರೂ, ಚಾಚಿದವರ ಎದುರಿಗೇ ಕೈ ತೊಳೆದುಕೊಳ್ಳುತ್ತಿದ್ದ.

ಮಗಳು ಮೋನಮ್ಮನನ್ನು ರಾಮಸಮುದ್ರದ ಅಂಬ್ರಪ್ಪನ ಮಗನಿಗೆ ಗೊತ್ತುಮಾಡಿ ವರ್ಷ ದಾಟಿತ್ತು. ಹುಡುಗ ಸೌದಿಯ ದಮ್ಮಾಮಿನಲ್ಲಿ ಕಟ್ಟಡ ಕಟ್ಟುವ ಗೌಂಡಿ. ಹುಡುಗನಿಗೆ ಕೊಡಲು ಮಾತಾದ ಒಂದು ತೊಲೆ ಬಂಗಾರ ಆಗಲೇ ಪೆಟ್ಟಿಗೆಯಲ್ಲಿತ್ತು. ಹುಡುಗ ಕಳಿಸಿದ ಕೈಗಡಿಯಾರವನ್ನು ಮೋನಮ್ಮ ರೊಟ್ಟಿ ಬಡಿಯುವಾಗಲೂ ಬಿಚ್ಚುತ್ತಿರಲಿಲ್ಲ. ಅಷ್ಟರಲ್ಲಿ ಕೊಲ್ಲಿಯಲ್ಲಿ ಯುದ್ಧ ಬಂತು. ಹುಡುಗನ ಪತ್ರಗಳು ಬಂದವು, ಹಣ ಬರಲಿಲ್ಲ. ಮದುವೆ ಮುಂದೆ ಹೋಯಿತು.

ತೊಂಬತ್ತೊಂದರ ಜುಲೈನಲ್ಲಿ ರೂಪಾಯಿಯ ಬೆಲೆ ಬಿತ್ತು. ಚಹಾದಂಗಡಿಯಲ್ಲಿ ಮಲ್ಲಣ್ಣ ಮಾಸ್ತರರು ಪತ್ರಿಕೆ ಮಡಚಿ ಹೇಳಿದರು: "ಪೆಟ್ರೋಲ್ ಎಣ್ಣಿ ತರಾಕ ಸರಕಾರಕ್ಕ ಹೊರಗಿನ ರೊಕ್ಕ ಬೇಕಪಾ. ಅಲ್ಲಿ ದುಡಿಯೋ ಮಂದಿ ಮನಿಗೆ ಕಳಸೋದೂ ಅದಕ್ಕ ಕೂಡೋ ಒಂದು ಹಳ್ಳ. ಎಣ್ಣಿ ತುಟ್ಟಿ ಆತು, ಹಳ್ಳ ಸಣ್ಣದಾತು. ಇದ್ದಷ್ಟಕ್ಕ ಬೆಲಿ ಏರ್ತು, ನಮ್ಮ ರೂಪಾಯಿ ಇಳೀತು."

"ನಮ್ಮ ಕಾಲುವಿ ಇದ್ಹಂಗ ಅನ್ರಿ," ಎಂದ ಹುಲಗಪ್ಪ.

ಮುಂದಿನ ವಾರ ಅಂಬ್ರಪ್ಪ ಬಂದ. ಗೇಟಿನ ಕಟ್ಟೆಯ ಮೇಲೆ ಕೂತು ತಂಬಾಕು ಅಗಿಯುತ್ತ ನಕ್ಕ.

"ಬೀಗರ, ಸೌದಿ ರಿಯಾಲು ಐದೂವರಿ ರೂಪಾಯಿ ಇದ್ದದ್ದು ಏಳರ ಹತ್ರ ಹೋಗ್ಯಾದ. ನಮ್ಮ ಹುಡುಗನ ತೂಕಾನೂ ಏರ್ಯಾದ. ಇನ್ನೊಂದು ತೊಲಿ ಹಾಕ್ರಿ."

"ಯುದ್ಧದಾಗ ಅವಗ ಪಗಾರ ಇಲ್ಲ ಅಂದಿದ್ರಿ?"

"ಪಗಾರ ಇತ್ತೋ ಮಾರಾಯಾ! ಶಾಣ್ಯಾ ಅದಾನ, ತಡದು ಇಟ್ಟಾನ. ರೂಪಾಯಿ ಬೀಳಲಿ ಅಂತ ಕಾದಾನ. ಅಲ್ಲಿ ಭಾಳ ಮಂದಿ ಹಂಗ ಮಾಡ್ಯಾರ."

ಹೇಳಿ, ಕಾಲುವೆಗೆ ಉಗುಳಿದ. ಕಂದು ಉಗುಳು ಕೆಳಗಿನ ಹೊಲಗಳ ಕಡೆ ತೇಲಿಹೋಗುವುದನ್ನು ಹುಲಗಪ್ಪ ನೋಡಿದ. ಗೇಟು ಇಳಿಸಿ ನೀರು ಮಾರುವವರೇ ಬೀಗರಾಗಿ ಅವನ ಬಾಗಿಲಿಗೆ ಬಂದಂತಾಗಿತ್ತು. ರೊಟ್ಟಿಯ ಗಂಟು ಹಿಡಿದು ಬಂದ ಮೋನಮ್ಮ ಎಲ್ಲ ಕೇಳಿಸಿಕೊಂಡು ನಿಂತಿದ್ದಳು. ಅವಳಿಗೆ ಇಪ್ಪತ್ತೆರಡು ದಾಟಿತ್ತು; ಈ ಸಂಬಂಧ ಮುರಿದರೆ ಇನ್ನೊಂದು ಸಿಗುವುದು ಕಷ್ಟವಿತ್ತು.

"ನೀನ ಹೇಳವ್ವಾ," ಎಂದು ಹುಲಗಪ್ಪ ಮಗಳತ್ತ ತಿರುಗಿದ.

ಗಡಿಯಾರದ ಕೊಂಡಿಯಲ್ಲಿ ಹಿಟ್ಟು ಒಣಗಿ ಕೂತಿತ್ತು. ಉಗುರಿನಿಂದ ಕೆರೆದು ಬಿಚ್ಚಿ, ಕಟ್ಟೆಯ ಮೇಲಿಟ್ಟಳು.

"ಇದರ ಬೆಲಿನೂ ಏರಿರಬೇಕು ಮಾವಾ. ಒಯ್ರಿ."

ಅಂಬ್ರಪ್ಪ ಸಿಟ್ಟಿನಿಂದ ಎದ್ದ. ಎದ್ದವನು, ಗಡಿಯಾರ ಓಡುತ್ತಿದೆಯೇ ಎಂದು ಕಿವಿಗೆ ಹಿಡಿದು ನೋಡಿ, ಜೇಬಿಗೆ ಹಾಕಿಕೊಂಡು ಹೋದ.

ಹುಲಗಪ್ಪ ಕಾಲುವೆಗಿಳಿದು ಕೈ ತೊಳೆದ. ಮತ್ತೆ ತೊಳೆದ. ಮೋನಮ್ಮ ಮಣಿಕಟ್ಟಿನ ಬಿಳಿ ಗುರುತಿನ ಮೇಲೆ ಸೆರಗು ಎಳೆದುಕೊಂಡು, ರೊಟ್ಟಿಯ ಗಂಟು ಬಿಚ್ಚಿದಳು.