ದೀಪ ಶಾಂತ ಮಾಡು

ಮಾತಿನಲ್ಲೇ ಗೇಮ್ ಕಟ್ಟುವ ಸಾಫ್ಟ್‌ವೇರನ್ನು ಜರ್ಮನಿಯ ಮೇಳದಲ್ಲಿ ಕನ್ನಡದಲ್ಲಿ ನಡೆಸಿ ತೋರಿಸಲು ಕಂಪನಿ ರಾಯಬಾಗದ ಬ್ರಾಹ್ಮಿಯನ್ನು ಕಳಿಸಿತ್ತು. ಅವತ್ತೇ ಮಿರಜದ ಆಸ್ಪತ್ರೆಯಲ್ಲಿ ಅವಳ ಅವ್ವನಿಗೆ ಎದೆಯ ಆಪರೇಷನ್. ಪರದೆಯ ಮೇಲಿನ ಬಸದಿಯಲ್ಲಿ ಉರಿಯುತ್ತಿದ್ದ ದೀಪವನ್ನು ಅವಳು ಆರಿಸಿ ತೋರಿಸಬೇಕಿತ್ತು. ದೀಪ ಆರಿಸು ಎಂಬ ಅಪಶಕುನದ ಮಾತನ್ನು ಅವರ ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಇವತ್ತಂತೂ ಅವಳ ನಾಲಿಗೆಯೇ ಏಳಲಿಲ್ಲ.

“ದೀಪಾ ಶಾಂತ ಮಾಡು,” ಎಂದು ಮನೆಯ ರೂಢಿಯ ಮಾತನ್ನೇ ಆಡಿದಳು.

ಹೊಯ್ದಾಡುತ್ತಿದ್ದ ಕುಡಿ ಸುಮ್ಮನೆ ನಿಂತು ಉರಿಯಿತು.

“ಆರಸು ಅನ್ರಿ, ಮಂದಿ ಹೊಂಟಾರ!” ಜೊತೆಗೆ ಬಂದಿದ್ದ ನಿಪ್ಪಾಣಿಯ ವಿಕ್ರಾಂತ ಗದರಿದ.

ಕಣ್ಣು ಮುಚ್ಚಿ ಅಂದೇಬಿಟ್ಟಳು. ಪರದೆ ಕಪ್ಪಾಯಿತು. ಚಪ್ಪಾಳೆಯ ನಡುವೆಯೇ ಕೈಯಲ್ಲಿದ್ದ ಮೊಬೈಲ್ ನಡುಗಿತು. ಆಸ್ಪತ್ರೆಯಿಂದ ಅಣ್ಣ ನಿಖಿಲನ ಫೋನು. ಅವಳು ಎತ್ತಲಿಲ್ಲ. ಕಪ್ಪು ಪರದೆಯತ್ತ ಬಾಗಿ, “ಹಚ್ಚು, ದೀಪಾ ಹಚ್ಚು, ಲಗೂನ ಹಚ್ಚು,” ಎನ್ನತೊಡಗಿದಳು.