ಅಮೆರಿಕದವನೂ ನಮ್ಮ ಮನೆಯ ಆಳೂ

ಇದನ್ನು ಬರೆಯಬೇಕೆಂದು ಕೂತಾಗಲೆಲ್ಲ ನನಗೆ ಏನಾದರೊಂದು ತುರ್ತು ಕೆಲಸ ನೆನಪಾಗುತ್ತಿತ್ತು. ಕನ್ನಡಕ ಒರೆಸುವುದು, ಪೆನ್ನಿಗೆ ಶಾಯಿ ತುಂಬುವುದು, ಬಿಸಿಲಿಗೆ ಹಾಕಿದ ಹುಣಸೆಹಣ್ಣಿಗೆ ಕಾಗೆ ಬಾಯಿ ಹಾಕಿತೇ ಎಂದು ನೋಡಿ ಬರುವುದು. ಹೀಗೆ ಮುಂದೂಡುತ್ತ ಮುದುಕನೇ ಆಗಿಬಿಟ್ಟೆ. ಇವತ್ತು ಕನ್ನಡಕ ಶುಭ್ರವಾಗಿದೆ, ಶಾಯಿ ತುಂಬಿದೆ, ಹುಣಸೆಹಣ್ಣು ಮಡಕೆ ಸೇರಿದೆ. ನೆಪಗಳು ಮುಗಿದಿವೆ.

ತಪ್ಪೊಪ್ಪಿಗೆಗೆ ಆಮೇಲೆ ಬರೋಣ, ಮೊದಲು ನನ್ನ ಹೆಮ್ಮೆ. ಅರವತ್ತರ ದಶಕದಲ್ಲಿ ಶಿಡ್ಲಘಟ್ಟದ ಸುತ್ತಿನ ಹಳ್ಳಿಗಳಿಗೆ ಕೋಳಿ ಸಾಕಣೆ ಕಲಿಸಲು ಅಮೆರಿಕದಿಂದ ಒಬ್ಬ ಹುಡುಗ ಬಂದಿದ್ದ. ಹೆಸರು ಟಾಮ್. ಬಂದ ವಾರದಲ್ಲೇ ನಮ್ಮ ಜನ ಅವನನ್ನು ತಮ್ಮಯ್ಯ ಮಾಡಿದರು. ಆ ತಮ್ಮಯ್ಯನಿಗೆ ದುಭಾಷಿ ನಾನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಪೇಪರನ್ನು ದಾಟಿ ಬಂದವನು ನಮ್ಮೂರಿಗೆ ನಾನೊಬ್ಬನೇ. ಅವನು ಉದ್ದಕ್ಕೆ ಮಾತಾಡುತ್ತಿದ್ದ. ನನಗೆ ತಿಳಿಯದ ಕಡೆಯೆಲ್ಲ, "ಮೊಟ್ಟೆ ಒಳ್ಳೇದು ಅಂತಾವ್ರೆ" ಎಂದು ಹೇಳಿ ಮುಗಿಸುತ್ತಿದ್ದೆ. ಜನ ತಲೆದೂಗುತ್ತಿದ್ದರು. ಅಮೆರಿಕದ ಮಾತೆಲ್ಲ ಕೊನೆಗೆ ಮೊಟ್ಟೆಗೇ ಬಂದು ನಿಲ್ಲುತ್ತದೆ ಎಂದು ನಮ್ಮೂರಿನವರು ಬಹಳ ಕಾಲ ನಂಬಿದ್ದರೆ ಅದಕ್ಕೆ ನಾನೇ ಹೊಣೆ.

ತಮ್ಮಯ್ಯನದು ವಿಚಿತ್ರ ಸ್ವಭಾವ. ಹೊಸಬರನ್ನು ಕಂಡರೆ ನಾವು ಕೇಳುವುದು, "ಯಾವೂರು? ಯಾರ ಪೈಕಿ?" ಅವನು ಕೇಳುತ್ತಿದ್ದುದು, "ಏನು ಕೆಲಸ ಮಾಡುತ್ತೀರಿ?" ಈ ಎರಡು ಪ್ರಶ್ನೆಗಳ ನಡುವೆ ಒಂದು ಸಮುದ್ರವೇ ಇದೆ ಎಂದು ನನಗೆ ಆಗ ಹೊಳೆಯಲಿಲ್ಲ. ನಮ್ಮ ಪ್ರಶ್ನೆ ಮನುಷ್ಯನ ಅಪ್ಪ, ಅಜ್ಜನ ಕಡೆಗೆ ಓಡುತ್ತದೆ. ಅವರದು ಅವನ ಕೈಯನ್ನು ನೋಡುತ್ತದೆ. ನಿರುದ್ಯೋಗಿಗೆ ಅಮೆರಿಕದಲ್ಲಿ ಉತ್ತರ ಕೊಡುವುದು ಕಷ್ಟವಿರಬೇಕು. ನಮ್ಮಲ್ಲಿ ನಿರುದ್ಯೋಗಿಗೆ ಏನೂ ಕಷ್ಟವಿರಲಿಲ್ಲ. ಉತ್ತರ ಹೇಳಲು ತಲೆ ತಗ್ಗಿಸಬೇಕಾಗಿದ್ದವರು ಬೇರೆಯವರು.

ಅಂಥವರಲ್ಲಿ ಒಬ್ಬ ನಮ್ಮ ಮನೆಯಲ್ಲಿದ್ದ. ಊರಾಚೆಯ ಕೇರಿಯವನು. ಹಿಪ್ಪುನೇರಳೆ ತೋಟ, ಹಿತ್ತಲ ಹುಳದ ಮನೆ ಎರಡೂ ಅವನ ಕೈಯಲ್ಲಿ. ರೇಷ್ಮೆಹುಳು ಜ್ವರಕ್ಕೆ ಬೀಳುವ, ಎಂದರೆ ಸೊಪ್ಪು ಬಿಟ್ಟು ಪೊರೆ ಕಳಚುವ ಕಾಲದಲ್ಲಿ ಅವನು ಬೇಡವೆಂದರೆ ನಮ್ಮಪ್ಪನೂ ಆ ಬಾಗಿಲು ದಾಟುತ್ತಿರಲಿಲ್ಲ. ಆದರೆ ಮನೆಯ ಮುಂಬಾಗಿಲಿಗೆ ಬಂದರೆ ಅವನು ಅಂಗಳದಲ್ಲೇ ನಿಲ್ಲಬೇಕು. ನಮ್ಮವರು ಯಾರೂ ಅವನ ಹೆಸರನ್ನು ಪೂರ್ತಿ ಹೇಳಿದ್ದಿಲ್ಲ. ಅರ್ಧಕ್ಕೇ ಮುರಿದು 'ಮುನಿಗ' ಎನ್ನುತ್ತಿದ್ದೆವು.

ಒಂದು ಬೆಳಿಗ್ಗೆ ತಮ್ಮಯ್ಯ ನಮ್ಮ ಜಗಲಿಯ ಕುರ್ಚಿಯಲ್ಲಿ ಕೂತಿದ್ದ. ಊರಿನ ಹಿರಿಯರೆಲ್ಲ ಚಾಪೆಯ ಮೇಲೆ. ಮುನಿಗ ಸೊಪ್ಪಿನ ಹೊರೆ ಇಳಿಸಿ ಅಂಗಳದಲ್ಲಿ ನಿಂತ. "ಇವರು ಯಾರು?" ಎಂದ ತಮ್ಮಯ್ಯ. ಇಂಗ್ಲಿಷ್ ಪದ ಥಟ್ಟನೆ ಸಿಗದೆ ನಾನು, "ನಮ್ಮ ಮನೆ ಆಳು" ಎಂದೆ.

ತಮ್ಮಯ್ಯ ಜೇಬಿನಿಂದ ಪುಟ್ಟ ನಿಘಂಟು ತೆಗೆದು ನೋಡಿದ. 'ಆಳು' ಎಂಬಲ್ಲಿ ಅವನ ಕಣ್ಣಿಗೆ ಮೊದಲು ಬಿದ್ದದ್ದು 'ರಾಜ್ಯಭಾರ ಮಾಡು' ಎಂಬ ಅರ್ಥ. ಮನೆಯನ್ನು ಆಳುವವನು ಬಿಸಿಲಲ್ಲಿ ನಿಂತಿದ್ದಾನೆ, ತಾನು ಕುರ್ಚಿಯಲ್ಲಿ ಕೂತಿದ್ದೇನೆ ಎಂದು ಅವನು ಗಾಬರಿಯಾಗಿ ಎದ್ದ. ಮೆಟ್ಟಿಲಿಳಿದು ಹೋಗಿ ಮುನಿಗನ ಕೈ ಹಿಡಿದುಕೊಂಡು, ತಾನು ಕಲಿತಿದ್ದ ಪುಸ್ತಕದ ಕನ್ನಡದಲ್ಲಿ, "ನೀವು ಆಳು! ಬಹಳ ಸಂತೋಷ. ದಯವಿಟ್ಟು ಕುಳಿತುಕೊಳ್ಳಿ" ಎಂದು ಕರೆತಂದು ತನ್ನ ಕುರ್ಚಿಯಲ್ಲೇ ಕೂರಿಸಿದ.

ಒಳಗಿನಿಂದ ನಮ್ಮಜ್ಜಿ, "ಏಮಿ ಕಾಲಂ ವಚ್ಚಿಂದಿರಾ!" ಎಂದು, ಎಂಥ ಕಾಲ ಬಂತಪ್ಪಾ ಎಂದು, ತೆಲುಗಿನಲ್ಲಿ ಉದ್ಗರಿಸಿದಳು. ಹಿರಿಯರೆಲ್ಲ ನನ್ನತ್ತ ತಿರುಗಿದರು. ದುಭಾಷಿಯಾದವನು ನಕ್ಕು ಅರ್ಥ ಬಿಡಿಸಿ ಹೇಳಬಹುದಾಗಿತ್ತು. ನಾನು ಕಿರುಚಿದೆ: "ಏಯ್, ಏಳೋ ಮುನಿಗ! ಯಾವ ಕುರ್ಚಿ ಅಂತ ಕಣ್ಣು ಕಾಣಕಿಲ್ವಾ?"

"ನಾನಾಗಿ ಕೂತ್ಕಂಡಿಲ್ಲ ಬುದ್ಧೀ, ದೊರೆಗಳು ಕೂರ್ಸಿದ್ರು" ಎಂದು ಅವನು ಎದ್ದ. ಎದ್ದವನು ಹೆಗಲ ಟವೆಲಿನಿಂದ ಆ ಕುರ್ಚಿಯನ್ನು ಒರೆಸಿ ಅಂಗಳಕ್ಕಿಳಿದ. ಅವನು ಒರೆಸದೆ ಹೋಗಿದ್ದರೆ ನಾನು ಇದನ್ನೆಲ್ಲ ಮರೆತಿರುತ್ತಿದ್ದೆನೋ ಏನೋ.

ಸಂಜೆ ಕೆರೆ ಏರಿಯ ಮೇಲೆ, ನಿಘಂಟಿನಲ್ಲಿ 'ಆಳು' ಪದದ ಇನ್ನೊಂದು ಅರ್ಥವನ್ನೂ ಓದಿಕೊಂಡಿದ್ದ ತಮ್ಮಯ್ಯ ನನ್ನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದ. ನನಗೆ ರೇಗಿತು. "ನಿಮ್ಮ ದೇಶದ ಬಸ್ಸಿನಲ್ಲಿ ಕರಿಯರು ಎಲ್ಲಿ ಕೂರುತ್ತಾರೆ?" ಎಂದು ಚುಚ್ಚಿದೆ. ಅವನ ಮುಖ ಕೆಂಪಾಯಿತು. "ನಮ್ಮೂರಲ್ಲಿ ಹಿಂದಿನ ಸೀಟಿನಲ್ಲಿ. ಏಳು ಎಂದು ಗದರಿಸಿದವರಲ್ಲಿ ನನ್ನ ಅಪ್ಪನೂ ಇದ್ದ. ನಾನು ಪಕ್ಕದಲ್ಲಿದ್ದೆ, ಸುಮ್ಮನಿದ್ದೆ" ಎಂದ. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಅಂದ: "ನಮ್ಮ ಪ್ರೆಸಿಡೆಂಟು ಜನರ ಸೇವಕ ಎಂದು ನಾವು ಪ್ರತಿ ಚುನಾವಣೆಯಲ್ಲೂ ಭಾಷಣ ಮಾಡಿ ನೆನಪಿಸಬೇಕು. ನಿಮ್ಮಲ್ಲಿ ಆಳುವುದಕ್ಕೂ ಆಳಿಗೂ ಒಂದೇ ಮಾತು! ಎಂಥ ಭಾಷೆಯಪ್ಪಾ ನಿಮ್ಮದು!"

ಕನ್ನಡದ ಮೇಲೆ ನನಗೆ ಹೆಮ್ಮೆ ಹುಟ್ಟಿದ್ದು ಅಲ್ಲಿ, ಅದೂ ಒಬ್ಬ ಕೋಳಿ ಮೇಷ್ಟ್ರಿಂದ. ಪಂಡಿತರು ಇವು ಎರಡು ಬೇರೆ ಬೇರೆ ಪದಗಳು, ರೂಪ ಮಾತ್ರ ಒಂದೇ ಎನ್ನಬಹುದು. ಇರಲಿ. ಸಂವಿಧಾನ ಪುಟಗಟ್ಟಲೆ ಹೇಳುವುದನ್ನು ನಮ್ಮ ನಾಲಿಗೆ ಎರಡಕ್ಷರದಲ್ಲಿ ಹೇಳುತ್ತಿದೆ. ನಾವು ಕೇಳಿಸಿಕೊಳ್ಳುವುದಿಲ್ಲ, ಅಷ್ಟೆ.

ಮುನಿಗ ಕೇಳಿಸಿಕೊಂಡಿದ್ದ. ನಮ್ಮ ಮನೆ ಬಿಟ್ಟು ಮುಂದಿನ ಪಂಚಾಯಿತಿ ಚುನಾವಣೆಗೆ ನಿಂತ. "ಇಷ್ಟು ದಿನ ಒಂದ್ ಮನೇಗೆ ಆಳಾಗಿದ್ದೆ ಕಣ್ರಪ್ಪ, ಇನ್ಮೇಲೆ ಊರಿಗೇ ಆಳಾಗ್ತೀನಿ" ಎಂದು ಕೇರಿ ಕೇರಿ ತಿರುಗಿ ಗೆದ್ದ. ಕೆಲವು ವರ್ಷಕ್ಕೆ ಚೇರ್ಮನ್ನರೂ ಆದರು. ಹೌದು, ಇಷ್ಟು ಹೊತ್ತು 'ಅವನು' ಎಂದು ಬರೆದೆ. ನನ್ನ ಬಾಯಿ 'ಅವರು' ಎಂದು ತಿರುಗಿದ್ದು ಅವರು ಗೆದ್ದ ಮೇಲೆಯೇ. ಅದೂ ಒಂದು ತಪ್ಪು. ಊರಿಗೆ ನಲ್ಲಿ ತಂದರು, ಕೇರಿಯ ಹತ್ತಿರ ಶಾಲೆ ಕಟ್ಟಿಸಿದರು. ನಾನು ಚಿಂತಾಮಣಿ ಸಂತೆಯವರೆಗೂ, "ನಮ್ಮನೇಲಿ ಇದ್ದೋರು ಕಣ್ರೀ" ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ, ನಾನೇ ಬೆಳೆಸಿ ಕಳಿಸಿದ ಹಾಗೆ.

ಒಮ್ಮೆ ಪಂಚಾಯಿತಿ ಕಚೇರಿಗೆ ಹೋದಾಗ ಅವರು ಎದ್ದು ನಿಂತು ಕುರ್ಚಿ ಎಳೆದು, "ಕೂತ್ಕಳಿ ಸ್ವಾಮಿ" ಎಂದರು. 'ಬುದ್ಧಿ' ಹೋಗಿ 'ಸ್ವಾಮಿ' ಬಂದಿತ್ತು. ನಾನು ಕೂತೆ. ತಪ್ಪಾಯಿತು ಎಂಬ ಮಾತು ಗಂಟಲವರೆಗೆ ಬಂತು. ಬಾಯಿಂದ ಹೊರಬಿದ್ದದ್ದು, "ಈ ಸಲ ರೇಷ್ಮೆಗೂಡಿನ ರೇಟು ಹೆಂಗೈತೆ?" ಎಂಬುದು. ಅವರು ನನ್ನನ್ನೊಮ್ಮೆ ನೋಡಿ, "ಪರವಾಗಿಲ್ಲ" ಎಂದರು. ಅದು ಗೂಡಿಗೆ ಕೊಟ್ಟ ಉತ್ತರವೋ, ನನಗೆ ಕೊಟ್ಟ ಉತ್ತರವೋ, ದುಭಾಷಿಯಾಗಿದ್ದ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಅವರು ತೀರಿಕೊಂಡು ಬಹಳ ಕಾಲವಾಯಿತು. ಕುರ್ಚಿ ಇನ್ನೂ ಜಗಲಿಯಲ್ಲೇ ಇದೆ. ಈಗ ನಾನೇ ಅದನ್ನು ನನ್ನ ಟವೆಲಿನಿಂದ ಒರೆಸಿ, ಪಕ್ಕದಲ್ಲಿ ನಿಂತು ಹೇಳುತ್ತಿದ್ದೇನೆ. ತಪ್ಪಾಯಿತು, ಕೂತುಕೊಳ್ಳಿ. ನೀವು ಕೂರುವವರೆಗೆ ನಾನು ಕೂರುವಂತಿಲ್ಲ, ಮಂಡಿ ಬೇರೆ ನೋಯುತ್ತಿದೆ. ದೊಡ್ಡ ಮನಸ್ಸು ಮಾಡಿ ಬೇಗ ಕೂರಿ, ಮುನಿವೆಂಕಟಪ್ಪನವರೇ.