ಅರ್ಧರ್ಧ ಮಾತ್ರೆ

ಅಂಗಿಗಳಿಗೆ ಗುಂಡಿ ತೂರುವ ಕಾಜಾ ಹೊಲಿಯುತ್ತಿದ್ದುದರಿಂದ ಅವಳಿಗೆ ಕಾಜಕ್ಕ ಎಂದೇ ಹೆಸರು ಬಿದ್ದಿತ್ತು. ಗಾರ್ಮೆಂಟ್ಸಿನಲ್ಲಿ ಅವಳ ಪಕ್ಕದ ಹೊಲಿಗೆ ಮಿಷನ್ ನನ್ನದು. ಎಂಟು ತಿಂಗಳಿಂದ ಅವಳು ನೋವು ತಡೆಯಲು ಚಿಂದಿಬಟ್ಟೆಯ ಗಂಟನ್ನು ಕೆಳಹೊಟ್ಟೆಗೆ ಒತ್ತಿಟ್ಟುಕೊಂಡೇ ಹೊಲಿಯುತ್ತಿದ್ದಳು. ಬಿಳಿ ಸ್ರಾವ, ವಾಸನೆ, ಬಿಟ್ಟು ಬಿಟ್ಟು ಜ್ವರ. ಮದುವೆಯಾಗಿ ಮೂರು ವರ್ಷ, ಒಂದು ಮಗುವಿಗಾಗಿ ಹಂಬಲಿಸಿ ಹಂಬಲಿಸಿ ಸೊರಗಿದ್ದಳು.

"ಕೊಳೆ ಕಣೇ ಅದು, ಒಳಗೂ ಸೋಪು ಹಾಕಿ ತೊಳ್ಕೋ" ಎಂದಿದ್ದಳು ಅತ್ತೆ. ಇವಳು ಹಾಗೇ ಮಾಡಿದಳು, ನೋವು ಹೆಚ್ಚಾಯಿತು. ಕೊನೆಗೆ ನಾನೇ ಅರ್ಧ ದಿನ ರಜೆ ಹಾಕಿಸಿ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದೆ.

ಪರೀಕ್ಷೆ ಮಾಡಿಸಿದ ಅವರು, "ಮೊದಲು ಒಳಗೆ ತೊಳೆಯೋದು ನಿಲ್ಸಮ್ಮ, ಅದರಿಂದ ರೋಗ ಇನ್ನೂ ಮೇಲೆ ಹತ್ತುತ್ತೆ. ಇದು ಕೊಳೆಯಿಂದ ಬಂದದ್ದಲ್ಲ, ಗಂಡನ ಸಂಗದಿಂದ ಬಂದಿದೆ. ಅವರಿಗೂ ಮಾತ್ರೆ ಕೊಡ್ತೀನಿ. ಇಬ್ಬರದೂ ಮುಗಿಯೋ ತನಕ ಕೂಡಬೇಡಿ. ಹಾಗೇ ಬಿಟ್ಟರೆ ಗರ್ಭನಾಳ ಮುಚ್ಚಿಹೋಗುತ್ತೆ" ಎಂದರು.

ಗಂಡ ಮರದ ಸಾಮಾನಿಗೆ ಪಾಲಿಶ್ ಹಾಕುವವನು, ತಿಂಗಳಲ್ಲಿ ಅರ್ಧ ಪರವೂರಲ್ಲೇ. "ನನಗ್ಯಾವ ರೋಗ? ಗುಂಡುಕಲ್ಲಿನ ಹಾಗಿದೀನಿ" ಎಂದು ತನ್ನ ಮಾತ್ರೆಗಳನ್ನು ಚರಂಡಿಗೆಸೆದ.

"ಅವರು ತಗೊಳ್ಳದಿದ್ರೆ ನನಗೆ ಮತ್ತೆ ಅಂಟುತ್ತಂತಲ್ಲ" ಎಂದು ಕಾಜಕ್ಕ ನನ್ನ ಹತ್ತಿರ ಅತ್ತಳು.

"ಬೇರೆ ಮಲಗೇ."

"ಇರೋದೊಂದು ಕೋಣೆ, ಅದರಲ್ಲೂ ಒಂದು ಮೂಲೆ ಅತ್ತೇದು. ಬೇಡ ಅಂದ್ರೆ ಇನ್ಯಾವನಿದ್ದಾನೆ ಅಂತಾರೆ."

ಆಗ ನನ್ನ ಹಾಳು ನಾಲಿಗೆ ಸುಮ್ಮನಿರಲಿಲ್ಲ. "ನಿನ್ನದರಲ್ಲೇ ಅರ್ಧ ಪುಡಿ ಮಾಡಿ ಅವನ ಊಟಕ್ಕೆ ಬೆರೆಸು. ಹಾವೂ ಸಾಯಬೇಕು, ಕೋಲೂ ಮುರೀಬಾರದು" ಎಂದೆ. ಅವಳು ಹಾಗೇ ಮಾಡಿದಳು. ದೊಡ್ಡ ಜಾಣೆ ನಾನು! ಅರ್ಧರ್ಧ ಮಾತ್ರೆಯಿಂದ ಇಬ್ಬರಿಗೂ ಗುಣವಾಗುವುದಿಲ್ಲ ಎಂಬುದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅದಾದ ನಾಲ್ಕನೆಯ ತಿಂಗಳು ಮಿಷನ್ ಮೇಲೇ ಕುಸಿದಳು. ಸ್ಕ್ಯಾನ್ ನೋಡಿದ ಡಾಕ್ಟರಮ್ಮನ ಮುಖ ಬಾಡಿತು. "ಎರಡೂ ನಾಳದಲ್ಲಿ ಕೀವು ತುಂಬಿದೆ. ಇನ್ನು ಮಗುವಾಗೋದು ಕಷ್ಟ. ಮಾತ್ರೆ ಇಬ್ಬರೂ ಪೂರ್ತಿ ತಗೊಂಡ್ರಾ?"

ಪಕ್ಕದಲ್ಲಿ ಅತ್ತೆ, ಬಾಗಿಲಲ್ಲಿ ಗಂಡ. ಕಾಜಕ್ಕ ಒಮ್ಮೆ ನನ್ನತ್ತ ನೋಡಿದಳು.

"ಹೂಂ, ಇಬ್ಬರೂ ತಗೊಂಡ್ವಿ."

ನಾನೂ ಬಾಯಿ ಬಿಡಲಿಲ್ಲ. ಆ ಹೊತ್ತು ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ನೋಡಿದ್ಯೇನೋ? ನಿನ್ನದೇನೂ ತಪ್ಪಿಲ್ಲ, ಎಲ್ಲ ಇವಳದೇ" ಎಂದು ಅತ್ತೆ ಮಗನಿಗೆ ಹೇಳಿದಳು. ಅವನು ತಲೆಯಾಡಿಸಿದ.

ಆರು ದಿನ ಆಸ್ಪತ್ರೆಯಲ್ಲಿ ಸೂಜಿಮದ್ದು ಹಾಕಿದರು. ಏಳನೆಯ ದಿನ ಗಂಡ ಕರೆದೊಯ್ಯಲು ಬಂದ. "ಎರಡು ದಿನ ನಮ್ಮನೇಲಿರೇ" ಎಂದೆ. "ಎರಡು ದಿನ ಆದ್ಮೇಲೆ?" ಎಂದು ಕೇಳಿ, ಚಪ್ಪಲಿ ಮೆಟ್ಟಿ ಅವನ ಹಿಂದೆ ಹೊರಟಳು.